ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತೆ?

ಗುಬ್ಬಿಯ ಬಿ.ಎಚ್. ರಸ್ತೆಯ ಟೀ ಅಂಗಡಿಗಳಲ್ಲಿ ಅಡಿಕೆ ರೇಟು, ಕೊಬ್ಬರಿ ರೇಟು ಬಿಟ್ಟರೆ ಹೆಚ್ಚು ಮಾತಾಗುವುದು ಗಾಡಿಗಳದ್ದೇ. ಯಾರ ಕಾರು ಎಷ್ಟು ಮೈಲೇಜ್ ಕೊಡುತ್ತೆ, ಯಾರದ್ದು ಹೀಟ್ ಆಗುತ್ತೆ, ಯಾರಿಗೆ ಯಾವ ಬಿಲ್ಲು ಎಷ್ಟು ಸುಟ್ಟಿತು. ಹೀಗೆ ಮಾತಾಡಿಕೊಳ್ಳುವುದು ಒಳ್ಳೆಯದೇ, ಒಬ್ಬ ತಿಂದ ಪೆಟ್ಟು ಇನ್ನೊಬ್ಬನಿಗೆ ತಪ್ಪುತ್ತದೆ. ಆದರೆ "ನಮ್ಮ ಭಾವನ ಗಾಡೀಲೂ ಹಿಂಗೇ ಆಗಿತ್ತು, ಇಂಜೆಕ್ಟರ್ ಹಾಕ್ಸಿದ್ಮೇಲೆ ಸರಿಹೋಯ್ತು" ಎಂದು ಒಬ್ಬರು ಅಂದರೆ, ಮಾರನೇ ದಿನ ಇನ್ನೊಬ್ಬರು ನನ್ನ ಗ್ಯಾರೇಜಿಗೆ ಬಂದು ಇಂಜೆಕ್ಟರನ್ನೇ ಬದಲಾಯಿಸಿ ಎನ್ನುತ್ತಾರೆ. ಭಾವನ ಗಾಡಿ ದಿನಾ ನೆಲಮಂಗಲಕ್ಕೆ ಹೋಗಿಬರುತ್ತದೆ. ಇವರದ್ದು ಮನೆಯಿಂದ ತೋಟ, ತೋಟದಿಂದ ಸೊಸೈಟಿ. ಮಾಡೆಲ್ ಒಂದೇ ಆದರೂ ಎರಡಕ್ಕೂ ಬರುವ ಕಾಯಿಲೆ ಒಂದೇ ಇರುವುದಿಲ್ಲ. ಈ ಕಸುಬಿನಲ್ಲಿ ನಾನು ಕಲಿತದ್ದರಲ್ಲಿ ಬಹುಪಾಲು ಇದರ ಸುತ್ತಲೇ ಇದೆ.

1. ಎಷ್ಟು ದೂರ ಓಡುತ್ತೆ ಎಂದು ಮೊದಲು ಕೇಳಬೇಕು

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ಗಾಡಿಗಳನ್ನಷ್ಟೇ ಮಾರಬೇಕೆಂದಾಯಿತು. ಡೀಸೆಲ್ ಕಾರುಗಳ ಸೈಲೆನ್ಸರ್ ಲೈನಿನಲ್ಲಿ ಡಿಪಿಎಫ್ ಎಂಬ ಜಾಲರಿ ಬಂತು. ಹೊಗೆಯಲ್ಲಿನ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ತುಂಬಿದ ಮೇಲೆ ಸುಮಾರು 600 ಡಿಗ್ರಿ ಶಾಖದಲ್ಲಿ ಸುಟ್ಟು ಬೂದಿ ಮಾಡುತ್ತದೆ. ಅಷ್ಟು ಕಾವು ಬರಬೇಕಾದರೆ ಗಾಡಿ ಒಂದೇ ಹದದಲ್ಲಿ ಹೆದ್ದಾರಿಯ ಮೇಲೆ ಓಡಬೇಕು. ಬಸ್ ಸ್ಟ್ಯಾಂಡಿನಿಂದ ಚನ್ನಬಸವೇಶ್ವರ ದೇವಸ್ಥಾನಕ್ಕೆ ಹೋಗಿಬಂದರೆ ಇಂಜಿನ್ ಬೆಚ್ಚಗಾಗುವುದೂ ಇಲ್ಲ.

ಸುಡುವ ಕೆಲಸ ಶುರುವಾದಾಗ ಇಂಜಿನ್ ಕೊಂಚ ಹೆಚ್ಚು ಡೀಸೆಲ್ ಚಿಮ್ಮಿಸುತ್ತದೆ. ಅರ್ಧದಲ್ಲೇ ಕೀ ತಿರುಗಿಸಿ ಆಫ್ ಮಾಡಿದರೆ, ಉರಿಯದೆ ಉಳಿದ ಡೀಸೆಲ್ ಪಿಸ್ಟನ್ ರಿಂಗುಗಳ ಸಂದಿಯಿಂದ ಇಳಿದು ಇಂಜಿನ್ ಆಯಿಲಿಗೆ ಸೇರುತ್ತದೆ. ಅಂಥ ಗಾಡಿಯ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಮೇಲಿನ ಗೆರೆ ದಾಟಿರುತ್ತದೆ, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ, ಬೆರಳ ನಡುವೆ ಉಜ್ಜಿದರೆ ನೀರಿನ ಹಾಗೆ ಜಾರುತ್ತದೆ. "ನಮ್ಮ ಗಾಡಿ ಆಯಿಲ್ ಕುಡಿಯಲ್ಲ, ಜಾಸ್ತೀನೇ ತೋರ್ಸುತ್ತೆ" ಎಂದು ಖುಷಿಯಾಗಿ ಹೇಳಿದವರನ್ನು ಕಂಡಿದ್ದೇನೆ. ತೆಳ್ಳಗಾದ ಆಯಿಲಿನಲ್ಲಿ ಟರ್ಬೊ ಮತ್ತು ಬೇರಿಂಗುಗಳು ಎಷ್ಟು ದಿನ ತಾಳುತ್ತವೆ?

ಡಿಪಿಎಫ್ ದೀಪ ಹತ್ತಿದ ಕೂಡಲೇ ನಿಟ್ಟೂರು ದಾಟಿ ತಿಪಟೂರಿನ ಕಡೆಗೆ, ಒಂದು ಗೇರು ಕಡಿಮೆ ಇಟ್ಟುಕೊಂಡು, ಅರ್ಧ ಗಂಟೆ ನಿಲ್ಲಿಸದೆ ಓಡಿಸಿ. ಬಹಳ ಸಲ ದೀಪ ತಾನಾಗಿ ಆರುತ್ತದೆ. ಮಿಣುಕತೊಡಗಿದ ಮೇಲೂ ವಾರಗಟ್ಟಲೆ ಊರೊಳಗೇ ಸುತ್ತಿದರೆ ಬಿಲ್ಲು ಸಾವಿರದಲ್ಲಿ ನಿಲ್ಲುವುದಿಲ್ಲ. ದಿನಕ್ಕೆ ಹತ್ತು ಕಿಲೋಮೀಟರ್ ಓಡಿಸುವವರು ಡೀಸೆಲ್ ಕಾರು ಕೊಳ್ಳುವುದೇ ಬೇಡ ಎಂಬುದು ನನ್ನ ಮಾತು. ಡೀಸೆಲ್ ಎಂದರೆ ಗಟ್ಟಿ, ಪೆಟ್ರೋಲ್ ಎಂದರೆ ನಾಜೂಕು ಎಂದು ನಂಬಿದವರು ಇದನ್ನು ಒಪ್ಪುವುದಿಲ್ಲ. ಮೂರು ವರ್ಷವಾದ ಮೇಲೆ ಒಪ್ಪುತ್ತಾರೆ.

2. ಕೊಬ್ಬರಿ ಅಟ್ಟದ ಕೆಳಗೆ ಕಾರು ನಿಲ್ಲಿಸಬೇಡಿ

ಬೆಂಗಳೂರಿನವರಿಗೆ ಇದು ಅರ್ಥವಾಗುವುದಿಲ್ಲ, ಗುಬ್ಬಿ, ತಿಪಟೂರು ಕಡೆಯವರಿಗೆ ವಿವರಿಸುವುದೇ ಬೇಡ. ಉಂಡೆ ಕೊಬ್ಬರಿಯಾಗಲು ತೆಂಗಿನಕಾಯಿ ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷ ಕೂರಬೇಕು. ಕೆಳಗೆ ಒಂದು ಕಾಲದಲ್ಲಿ ದನ ಕಟ್ಟುತ್ತಿದ್ದರು, ಆಮೇಲೆ ಟ್ರಾಕ್ಟರ್ ಬಂತು, ಈಗ ಕಾರು. ಮೇಲೆ ಕಾಯಿ, ಮಗ್ಗುಲಲ್ಲಿ ಸಿಪ್ಪೆಯ ರಾಶಿ. ಇಲಿಗೆ ಇನ್ನೇನು ಬೇಕು? ರಾತ್ರಿ ಊಟ ಮುಗಿಸಿ ಮಲಗಲು ಬೆಚ್ಚಗಿನ ಇಂಜಿನ್ನೇ ಸಿಗುತ್ತದೆ.

ಬೆಳಿಗ್ಗೆ ಸೆಲ್ಫ್ ಹೊಡೆದರೆ ಗಾಡಿ ನಡುಗುತ್ತದೆ, ಚೆಕ್ ಇಂಜಿನ್ ದೀಪ ಹತ್ತುತ್ತದೆ, ಪಿಕಪ್ ಇರುವುದಿಲ್ಲ. ಬಾನೆಟ್ ತೆಗೆದರೆ ಬ್ಯಾಟರಿಯ ಪಕ್ಕದಲ್ಲಿ ತೆಂಗಿನ ನಾರು, ಇಲಿಹಿಕ್ಕೆ, ಬಾನೆಟ್ಟಿನ ಒಳಗಿನ ಹತ್ತಿಯ ಹಾಸಿನಿಂದ ಕಿತ್ತು ಮಾಡಿದ ಗೂಡು. ಇಂಜೆಕ್ಟರಿನ ವೈರೋ ಆಕ್ಸಿಜನ್ ಸೆನ್ಸರಿನ ವೈರೋ ಕತ್ತರಿಸಿರುತ್ತದೆ. ಕಾಣುವ ಕಡೆ ಕತ್ತರಿಸಿದರೆ ಪುಣ್ಯ. ಡ್ಯಾಶ್‌ಬೋರ್ಡಿನ ಹಿಂದೆ ಹೋಗಿ ಎಸಿ ಬ್ಲೋವರಿನಲ್ಲಿ ಸತ್ತು ಕೂತರೆ ಅರ್ಧ ದಿನದ ಕೆಲಸ, ಮೂಗಿಗೆ ಬಟ್ಟೆ ಕಟ್ಟಿಕೊಂಡು.

ಮದ್ದು ಎಂದು ಎಲ್ಲರೂ ಒಂದೊಂದು ಹೇಳುತ್ತಾರೆ. ಹೊಗೆಸೊಪ್ಪು, ನುಸಿಗುಳಿಗೆ, ಫಿನಾಯಿಲ್, ಬಣ್ಣಬಣ್ಣದ ಸ್ಪ್ರೇ. ಒಂದು ವಾರ ಕೆಲಸ ಮಾಡುತ್ತವೆ, ವಾಸನೆ ಇಳಿದ ಮೇಲೆ ಇಲಿ ವಾಪಸ್ಸು. ನಾನು ಕಂಡಂತೆ ನಿಜವಾಗಿ ಉಪಯೋಗಕ್ಕೆ ಬಂದವು ಎರಡು. ವೈಪರ್ ಕೆಳಗಿನ ಗಾಳಿಕಂಡಿಗೂ ಏರ್ ಫಿಲ್ಟರಿನ ಬಾಯಿಗೂ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹಾಕಿಸುವುದು ಒಂದು. ಅಟ್ಟದ ಕೆಳಗಿನಿಂದ ಗಾಡಿ ಆಚೆ ತಂದು ಅಂಗಳದ ಬಯಲಿನಲ್ಲಿ, ಬಾನೆಟ್ ಎತ್ತಿ ನಿಲ್ಲಿಸುವುದು ಇನ್ನೊಂದು. ಬೆಳಕಿರುವ, ತೆರೆದಿರುವ ಜಾಗದಲ್ಲಿ ಇಲಿ ಮನೆ ಮಾಡುವುದಿಲ್ಲ. ಅಂಗಳವೆಂದು ತೆಂಗಿನ ಮರದಡಿ ನಿಲ್ಲಿಸಿದರೆ ಬೇರೆ ಲೆಕ್ಕ ಶುರುವಾಗುತ್ತದೆ. ಕಾಯಿ ಬಿದ್ದು ಒಡೆದ ಗಾಜನ್ನು ನಾನು ರಿಪೇರಿ ಮಾಡಲಾರೆ, ತುಮಕೂರಿಗೇ ಹೋಗಬೇಕು.

ಕಡಿದ ವೈರನ್ನು ತಿರುಚಿ ಟೇಪು ಸುತ್ತುವ ಕೆಲಸ ಯಾರಿಂದಲೂ ಮಾಡಿಸಿಕೊಳ್ಳಬೇಡಿ. ಬೆಸುಗೆ ಹಾಕಿ, ಶಾಖಕ್ಕೆ ಕುಗ್ಗುವ ತೋಳು ಹಾಕಬೇಕು. ಟೇಪು ಸುತ್ತಿದ ಜಾಗ ಮುಂದಿನ ಮಳೆಗಾಲಕ್ಕೆ ಹಸಿರುಗಟ್ಟುತ್ತದೆ, ಆಗ ಕಾಯಿಲೆ ಒಂದು ದಿನ ಇರುತ್ತದೆ, ಒಂದು ದಿನ ಇರುವುದಿಲ್ಲ. ಬಂದುಹೋಗುವ ಇಂಥ ಕಾಯಿಲೆಯಷ್ಟು ಮೆಕ್ಯಾನಿಕ್ಕನ ಆಯಸ್ಸು ತಿನ್ನುವುದು ಇನ್ನೊಂದಿಲ್ಲ.

3. ಬೋರ್‌ವೆಲ್ ನೀರು ರೇಡಿಯೇಟರಿಗೆ ಬೇಡ

ನಮ್ಮ ಜಿಲ್ಲೆಯ ಕೊಳವೆಬಾವಿಯ ನೀರು ಎಷ್ಟು ಗಡಸು ಎಂದು ತಿಳಿಯಲು ಪ್ರಯೋಗಾಲಯ ಬೇಡ, ಬಚ್ಚಲ ಹಂಡೆಯ ತಳದಲ್ಲಿ ಕಟ್ಟಿದ ಬಿಳಿ ಹಕ್ಕಳೆ ಕೆರೆದು ನೋಡಿದರಾಯಿತು. ಅದೇ ಹಕ್ಕಳೆ ರೇಡಿಯೇಟರಿನ ಕೊಳವೆಗಳಲ್ಲಿ, ವಾಟರ್ ಪಂಪಿನಲ್ಲಿ, ಸಿಲಿಂಡರ್ ಹೆಡ್ಡಿನ ನೀರಿನ ದಾರಿಗಳಲ್ಲಿ ಕಟ್ಟುತ್ತದೆ. ಈಗಿನ ಹೆಡ್ಡು, ರೇಡಿಯೇಟರ್ ಎರಡೂ ಅಲ್ಯೂಮಿನಿಯಂ. ಬರಿ ನೀರು ಅದನ್ನು ಒಳಗಿಂದೊಳಗೇ ತಿನ್ನುತ್ತದೆ. ಕೂಲೆಂಟ್ ಎಂದರೆ ಬಣ್ಣದ ನೀರು, ಕಂಪನಿಯವರ ದುಡ್ಡು ಮಾಡುವ ದಾರಿ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಅದರಲ್ಲಿ ಕುದಿಬಿಂದು ಏರಿಸುವ ಗ್ಲೈಕಾಲ್ ಇದೆ, ತುಕ್ಕು ತಡೆಯುವ ರಾಸಾಯನಿಕವಿದೆ. ಬೆರೆಸುವುದಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ.

ದಾರಿಯಲ್ಲಿ ಸೂಜಿ ಮೇಲೇರಿದರೆ ಮೊದಲು ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಇಡಿ. ಕಾರಿನೊಳಗೆ ಬೆಂದುಹೋಗುತ್ತೀರಿ, ಆದರೆ ಹೀಟರ್ ಕೂಡ ಒಂದು ಸಣ್ಣ ರೇಡಿಯೇಟರೇ, ಇಂಜಿನ್ನಿನ ಶಾಖವನ್ನು ಅದು ಒಳಕ್ಕೆ ಎಳೆದುಕೊಳ್ಳುತ್ತದೆ. ನೆರಳು ಕಂಡಲ್ಲಿ ನಿಲ್ಲಿಸಿ ಆರಲು ಬಿಡಿ. ಬಿಸಿ ಇರುವಾಗ ಮುಚ್ಚಳ ತಿರುಗಿಸಿದವನ ಮುಖ, ಕೈ ಸುಟ್ಟದ್ದನ್ನು ನೋಡಿದ್ದೇನೆ. ಒತ್ತಡ ಇಳಿದ ಕ್ಷಣಕ್ಕೆ ಒಳಗಿನ ನೀರೆಲ್ಲ ಒಮ್ಮೆಲೇ ಹಬೆಯಾಗಿ ನುಗ್ಗುತ್ತದೆ.

ಆಯಿಲ್ ಹಾಕುವ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಕಂಡರೆ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಎಲ್ಲರೂ ಹೆದರಿಸುತ್ತಾರೆ. ಇಲ್ಲಿಯೂ ನನ್ನ ಹಳೇ ಪ್ರಶ್ನೆಯೇ, ಗಾಡಿ ಎಷ್ಟು ದೂರ ಓಡುತ್ತೆ? ಚಳಿಗಾಲದಲ್ಲಿ ಎರಡೆರಡು ಕಿಲೋಮೀಟರ್ ಓಡುವ ಕಾರಿನಲ್ಲಿ ಬರಿ ತೇವ ತಣಿದು ಹಾಗೆ ಕಟ್ಟಿರುತ್ತದೆ. ತುಮಕೂರಿಗೆ ಒಂದು ಸಲ ಹೋಗಿಬಂದ ಮೇಲೆ ಒರೆಸಿ ನೋಡಿ. ಕೂಲೆಂಟ್ ಇಳಿಯುತ್ತಿದ್ದರೆ, ಟ್ಯಾಂಕಿನಲ್ಲಿ ಗುಳ್ಳೆ ಏಳುತ್ತಿದ್ದರೆ, ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದಿದ್ದರೆ ಆಗ ಹೆಡ್ ಬಿಚ್ಚುವ ಮಾತು.

4. ಹುರುಳಿ ಹಾಸಿದ ರಸ್ತೆ

ಸುಗ್ಗಿ ಬಂತೆಂದರೆ ಚೇಳೂರು, ಹಾಗಲವಾಡಿ, ಕುಣಿಗಲ್ ಕಡೆಯ ಒಳರಸ್ತೆಗಳೆಲ್ಲ ಕಣ. ರಾಗಿ ತೆನೆ, ಹುರುಳಿ ಸೊಪ್ಪು ಟಾರಿನ ಮೇಲೆ ಹಾಸಿರುತ್ತಾರೆ, ಹೋಗಿಬರುವ ಗಾಡಿಗಳೇ ಒಕ್ಕಣೆ ಮಾಡಬೇಕು. ಪೊಲೀಸರು ಪ್ರತಿ ವರ್ಷ ಬೇಡ ಎನ್ನುತ್ತಾರೆ, ಪ್ರತಿ ವರ್ಷವೂ ಹಾಸುತ್ತಾರೆ. ರೈತರನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ, ಕಣ ಮಾಡಲು ಜಾಗ, ಆಳು ಎರಡೂ ಇಲ್ಲ. ಆದರೆ ಹುರುಳಿ ರಾಗಿಯಂತಲ್ಲ. ಬಳ್ಳಿ ಉದ್ದ, ಒಣಗಿದರೆ ತಂತಿಯ ಹಾಗೆ. ಚಕ್ರಕ್ಕೆ ಸಿಕ್ಕ ಎಳೆ ಡ್ರೈವ್ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ, ಸೈಲೆನ್ಸರಿನ ಮೇಲೆ ಕಂತೆಯಾಗಿ ಕೂರುತ್ತದೆ. ಅಲ್ಲೇ ಇರುವ ಕ್ಯಾಟಲಿಟಿಕ್ ಕನ್ವರ್ಟರ್ ನೂರಾರು ಡಿಗ್ರಿ ಕಾದಿರುತ್ತದೆ. ಹೀಗೆ ಬೆಂಕಿ ಹೊತ್ತಿ ಕಾರು ಪೂರ್ತಿ ಸುಟ್ಟುಹೋದ ಸುದ್ದಿ ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಬಳಸಿಕೊಂಡು ಹೋಗಲು ದಾರಿಯಿದ್ದರೆ ಬಳಸಿ. ಇಲ್ಲವೆಂದರೆ ಇಳಿದು, ಒಂದು ಚಕ್ರದಗಲ ಸರಿಸಿಕೊಡಿ ಎಂದು ಕೇಳಿ. ಕೇಳಿದರೆ ಸರಿಸುತ್ತಾರೆ. ದಾಟುವಾಗ ಕಿಟಕಿ ಇಳಿಸಿರಿ, ಸುಟ್ಟ ವಾಸನೆ ಬೇಗ ತಿಳಿಯುತ್ತದೆ, ವೈರಿಂಗ್ ಸುಟ್ಟು ಬಾಗಿಲ ಲಾಕ್ ಕೈಕೊಟ್ಟರೂ ಹೊರಬರಬಹುದು. ಸೊಪ್ಪಿನ ಮೇಲೆ ಮಾತ್ರ ನಿಲ್ಲಿಸಬೇಡಿ. ಬರಿ ಟಾರು ಬಂದ ಮೇಲೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಎಲ್ಲರನ್ನೂ ಇಳಿಸಿ ಆಮೇಲೆ ಬಗ್ಗಿ ನೋಡಿ. ಬಾನೆಟ್ಟಿನ ಸಂದಿಯಿಂದ ಹೊಗೆ ಬರುತ್ತಿದ್ದರೆ ಅದನ್ನು ಎತ್ತಬೇಡಿ, ಗಾಳಿ ಸಿಕ್ಕರೆ ಉರಿ ಏಳುತ್ತದೆ.

5. ಸೌಂಡ್ ಯಾವಾಗ ಬರುತ್ತೆ ಎಂದು ಹೇಳಿ

"ಮುಂದ್ಗಡೆ ಏನೋ ಸೌಂಡು" ಎಂದರೆ ಗಾಡಿಯ ಅರ್ಧ ಭಾಗ ಮುಂದೆಯೇ ಇದೆ. ಯಾವಾಗ ಬರುತ್ತದೆ ಎಂಬುದು ನನಗೆ ಬೇಕು. ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಕಟಕಟ ಎಂದರೆ ಆಕ್ಸಲ್ ಜಾಯಿಂಟ್. ವೇಗ ಏರಿದಂತೆ ಏರುವ ಗುಂಯ್ ಎಂಬ ಸದ್ದು ತಿರುವಿನಲ್ಲಿ ಬದಲಾದರೆ ವೀಲ್ ಬೇರಿಂಗ್. ಎಂಬತ್ತು ದಾಟಿದ ಮೇಲೆ ಸ್ಟೇರಿಂಗ್ ನಡುಗಿದರೆ ಬ್ಯಾಲೆನ್ಸಿಂಗ್. ಸದ್ದೇ ಇಲ್ಲದೆ ಇಂಜಿನ್ ಮಾತ್ರ ಕೂಗಿ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟ್. ಹೊಗೆ ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಕಪ್ಪಾದರೆ ಇಂಧನ ಹೆಚ್ಚಾಗಿದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ತಂದರೆ ಇನ್ನೂ ಒಳ್ಳೆಯದು, ಏಕೆಂದರೆ ಗ್ಯಾರೇಜಿನ ಬಾಗಿಲಿಗೆ ಬಂದ ಕೂಡಲೇ ಎಲ್ಲ ಸೌಂಡೂ ನಿಂತುಹೋಗುತ್ತದೆ.

6. ಸ್ಕ್ಯಾನರ್ ದೂರು ಹೇಳುತ್ತದೆ, ತೀರ್ಪು ಕೊಡುವುದಿಲ್ಲ

ಪಿ 0300 ಎಂದು ಬಂದರೆ ಸಿಲಿಂಡರುಗಳು ಅಲ್ಲಲ್ಲಿ ಮಿಸ್ ಹೊಡೆಯುತ್ತಿವೆ ಎಂದಷ್ಟೇ. ಕಾರಣ ಪ್ಲಗ್ಗೋ, ಕಾಯಿಲೋ, ಇಂಜೆಕ್ಟರೋ, ಇಲಿಯೋ, ಅದಕ್ಕೆ ಗೊತ್ತಿಲ್ಲ. ಕೋಡ್ ನೋಡಿದ ತಕ್ಷಣ ಪಾರ್ಟ್ ಬದಲಾಯಿಸೋಣ ಎನ್ನುವವರಿಂದ ದೂರವಿರಿ. ಹಳೆಯ ಪಾರ್ಟನ್ನು ಕೇಳಿ ವಾಪಸ್ ತಗೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಸ್ಸಿನಲ್ಲಿ ತರಿಸಿದ ಪಾರ್ಟಾದರೂ ಸರಿ, ಬಾಕ್ಸು, ಬಿಲ್ಲು ಎರಡೂ ನಿಮ್ಮ ಕೈಗೆ ಬರಬೇಕು.

7. ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಗಾಡಿ

ಗುಬ್ಬಿಯ ಸಂತೆ ದಿನ ನಂಬರ್ ಪ್ಲೇಟುಗಳನ್ನು ನೋಡಿದರೆ ನಮ್ಮ ಕೆಎ 06ರ ನಡುವೆ 02, 03, 04, 05 ಧಾರಾಳ. ರಾಜಾಜಿನಗರ, ಇಂದಿರಾನಗರ, ಯಶವಂತಪುರ, ಜಯನಗರ. ರಾಜಧಾನಿ ಬಿಟ್ಟ ಗಾಡಿಗಳು ತಾಲ್ಲೂಕಿಗೆ ಬರುತ್ತವೆ. "ನಲವತ್ತು ಸಾವಿರವೇ ಓಡಿರೋದು, ಡಾಕ್ಟರ್ ಗಾಡಿ" ಎಂದು ಮಾರುವವರು ಹೇಳುತ್ತಾರೆ. ಮಾರಾಟಕ್ಕೆ ಬರುವ ಗಾಡಿಗಳೆಲ್ಲ ಡಾಕ್ಟರದ್ದೇ ಆಗಿರುವುದು ನನಗಿನ್ನೂ ಬಿಡಿಸಲಾಗದ ಒಗಟು. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ನಲವತ್ತು ಸಾವಿರ ಓಡಿದ ಕ್ಲಚ್ಚು, ಶಿರಾ ರಸ್ತೆಯಲ್ಲಿ ಲಕ್ಷ ಓಡಿದ್ದಕ್ಕಿಂತ ಹೆಚ್ಚು ಸವೆದಿರುತ್ತದೆ. ಮೀಟರ್ ಕಿಲೋಮೀಟರ್ ಎಣಿಸುತ್ತದೆ, ಇಂಜಿನ್ ಉರಿದ ಗಂಟೆಗಳನ್ನು ಎಣಿಸುವುದಿಲ್ಲ.

ಮೀಟರನ್ನೇ ಹಿಂದೆ ತಿರುಗಿಸಿರಬಹುದು. ಪೆಡಲ್ಲಿನ ರಬ್ಬರ್, ಡ್ರೈವರ್ ಸೀಟಿನ ಬಲಗಡೆ ಅಂಚು, ಸ್ಟೇರಿಂಗಿನ ಹೊಳಪು ನೋಡಿ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಕಾರುಗಳು ನೀರಲ್ಲಿ ಮುಳುಗಿದ್ದನ್ನು ಟಿವಿಯಲ್ಲಿ ನೋಡಿದ್ದೀರಿ. ಮುಳುಗಿ ತೊಳೆದ ಗಾಡಿಗೆ ಒಂದು ಪರೀಕ್ಷೆ ಇದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸೀಟು ಒಗೆದಿರುತ್ತಾರೆ, ಕಾರ್ಪೆಟ್ ಹೊಸದು ಹಾಕಿರುತ್ತಾರೆ, ಬೆಲ್ಟಿನ ಕೊನೆಯ ಗೇಣಿನಲ್ಲಿ ಮಾತ್ರ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕನ್ನೂ ಬೆರಳಾಡಿಸಿ ನೋಡಿ.

ನಮ್ಮ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಹಾರುವ ಯಂತ್ರಕ್ಕೆ ಏನೇ ಕೆಲಸ ಮಾಡಿದರೂ ಲಾಗ್ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಕಾರಿಗೆ ಅಷ್ಟು ಬೇಡ, ಒಂದು ನೋಟ್‌ಬುಕ್ ಸಾಕು. ತಾರೀಖು, ಕಿಲೋಮೀಟರ್, ಏನು ಹಾಕಿದರು. ಅಂಥ ನೋಟ್‌ಬುಕ್ ಇರುವ ಗಾಡಿಗೆ ಹತ್ತು ಸಾವಿರ ಹೆಚ್ಚು ಕೊಡಿ ಎಂದು ನಾನೇ ಹೇಳುತ್ತೇನೆ.

ಮಾರುವವರಿಗೂ ಒಂದು ಮಾತು. ಫಾರಂ 29, 30ಕ್ಕೆ ಸಹಿ ಹಾಕಿ ದುಡ್ಡೆಣಿಸಿಕೊಂಡು ಸುಮ್ಮನಾಗಬೇಡಿ. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಕಾನೂನಿನ ಕಣ್ಣಿಗೆ ಮಾಲೀಕರು ನೀವೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಂಡವನು ಅಪಘಾತ ಮಾಡಿದರೆ ಪರಿಹಾರದ ನೋಟೀಸು ನಿಮ್ಮ ಮನೆಗೇ ಬರುತ್ತದೆ.

8. ದುರ್ಗದಿಂದ ಇಳಿಯುವಾಗ

ದೇವರಾಯನದುರ್ಗದ ಯೋಗಾನರಸಿಂಹನ ದರ್ಶನ ಮುಗಿಸಿ, ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ಲಿನಲ್ಲಿ ಇಳಿಯುವವರು ಈಗಲೂ ಇದ್ದಾರೆ. ಈಗಿನ ಇಂಜಿನ್ನುಗಳು ಗೇರಿನಲ್ಲಿ, ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್ಲಿಗೆ ಹಾಕಿದರೆ ಇಂಜಿನ್ ಉರಿಯುತ್ತಲೇ ಇರಲು ಪೆಟ್ರೋಲ್ ಬೇಕು. ಅಂದರೆ ಉಳಿತಾಯವೂ ಇಲ್ಲ, ಬ್ರೇಕಿನ ಮೇಲೆ ಮಾತ್ರ ಗಾಡಿಯ ಪೂರ್ತಿ ಭಾರ. ಕೀ ಆಫ್ ಮಾಡಿದರಂತೂ ಬೂಸ್ಟರಿನ ನಿರ್ವಾತ ಎರಡು ಮೂರು ತುಳಿತಕ್ಕೆ ಮುಗಿದು ಪೆಡಲ್ ಕಲ್ಲಾಗುತ್ತದೆ. ಎರಡನೇ ಗೇರಿನಲ್ಲಿ ಇಳಿಯಿರಿ. ಸುಟ್ಟ ವಾಸನೆ ಬಂದರೆ ನಾಮದ ಚಿಲುಮೆಯ ನೆರಳಿನಲ್ಲಿ ಅರ್ಧ ಗಂಟೆ ಕೂತು ಹೋಗಿ, ಜಿಂಕೆ ನೋಡಬಹುದು.

9. ಕೆಳಸೇತುವೆಯ ನೀರು

2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ಸರ್ಕಲ್ ಕೆಳಸೇತುವೆಯಲ್ಲಿ ಮಳೆನೀರಿಗೆ ಸಿಕ್ಕ ಕಾರಿನಲ್ಲಿದ್ದ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ನಮ್ಮ ರೈಲ್ವೆ ಲೈನಿನುದ್ದಕ್ಕೂ ಗೇಟು ಮುಚ್ಚಿ ಕಟ್ಟಿದ ಕೆಳಸೇತುವೆಗಳಿವೆ, ಜೋರು ಮಳೆಗೆ ಕೆರೆಯಾಗುವಂಥವು. ಮುಂದೆ ಹೋದ ಟ್ರಾಕ್ಟರ್ ದಾಟಿತೆಂದು ಕಾರು ಇಳಿಸಬೇಡಿ. ಟ್ರಾಕ್ಟರಿನ ಗಾಳಿಬಾಯಿ ಎತ್ತರದಲ್ಲಿದೆ, ನಿಮ್ಮದು ಹೆಡ್‌ಲೈಟಿನ ಮಟ್ಟದಲ್ಲಿ. ನೀರು ಸಿಲಿಂಡರಿಗೆ ಹೋದರೆ ಗಾಳಿಯಂತೆ ಒತ್ತಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡೇ ಬಾಗುತ್ತದೆ. ನೀರಲ್ಲಿ ನಿಂತ ಗಾಡಿಗೆ ಮತ್ತೆ ಸೆಲ್ಫ್ ಹೊಡೆಯಬೇಡಿ, ತಳ್ಳಿ ಆಚೆ ತನ್ನಿ. ಸಾಧಾರಣ ಇನ್ಶೂರೆನ್ಸಿನಲ್ಲಿ ಈ ಹಾನಿಗೆ ದುಡ್ಡು ಸಿಗುವುದು ಕಷ್ಟ. ಇಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ಕವರ್ ಪಾಲಿಸಿಯಲ್ಲಿ ಇದೆಯೇ ಎಂದು ಮುಂಗಾರಿಗೆ ಮುಂಚೆ ನೋಡಿಕೊಳ್ಳಿ.

10. ನಿಂತ ಗಾಡಿ

ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ, ಕಾರು ಗುಬ್ಬಿಯ ಮನೆಯ ಶೆಡ್ಡಿನಲ್ಲಿ. ಫೋನ್ ಮಾಡಿದಾಗೆಲ್ಲ "ಅಪ್ಪ, ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿ ಬಿಡಿ" ಎನ್ನುತ್ತಾರೆ. ಅಪ್ಪ ತಪ್ಪದೆ ಮಾಡುತ್ತಾರೆ. ಆರು ತಿಂಗಳಿಗೆ ಬ್ಯಾಟರಿ ಸತ್ತು ನನ್ನಲ್ಲಿಗೆ ಬರುತ್ತದೆ. ಸೆಲ್ಫ್ ಹೊಡೆಯಲು ಬ್ಯಾಟರಿ ಕೊಟ್ಟದ್ದನ್ನು ಐದು ನಿಮಿಷದ ಐಡ್ಲಿಂಗ್ ಸರಿಯಾಗಿ ತುಂಬಿಕೊಡುವುದಿಲ್ಲ. ಸೈಲೆನ್ಸರಿನಲ್ಲಿ ಕಟ್ಟಿದ ನೀರು ಆವಿಯಾಗುವಷ್ಟು ಕಾವೂ ಬರುವುದಿಲ್ಲ, ಒಳಗಿಂದ ತುಕ್ಕು ಹಿಡಿಯುತ್ತದೆ. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್, ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಅರ್ಧ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತ ಹಳೇ ಗಾಡಿಯ ರಬ್ಬರ್ ಪೈಪುಗಳನ್ನು ಒಮ್ಮೆ ಮುಟ್ಟಿ ನೋಡಿಸಿ.

ಟೈರಿನ ಸವೆತ ನೋಡಿ ಮೋಸಹೋಗಬೇಡಿ. ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತದೆ. 2317 ಎಂದಿದ್ದರೆ 2017ರ 23ನೇ ವಾರದ ಟೈರು. ಗುಂಡಿ ಹೊಸದರಂತೆ ಇದ್ದರೂ ರಬ್ಬರ್ ಮುದಿಯಾಗಿ ಪಕ್ಕದಲ್ಲಿ ಸೀಳು ಬಿಟ್ಟಿರುತ್ತದೆ. ದೀಪಾವಳಿಗೆ ಬಂದ ಮಗ ಅದೇ ಟೈರಿನಲ್ಲಿ ಧರ್ಮಸ್ಥಳಕ್ಕೆ ಹೊರಡುತ್ತಾನೆ.

ಊರಲ್ಲಿ ಡ್ರೈವಿಂಗ್ ಬರುವ ನಂಬಿಕಸ್ತರಿದ್ದರೆ ಹದಿನೈದು ದಿನಕ್ಕೊಮ್ಮೆ ತುಮಕೂರಿಗೋ ಕುಣಿಗಲ್ಲಿಗೋ ಓಡಿಸಿ ತರಲಿ. ಅದಾಗದಿದ್ದರೆ ದಿನಾ ಸ್ಟಾರ್ಟ್ ಮಾಡುವ ಸೇವೆ ನಿಲ್ಲಿಸಿ, ಟೈರಿಗೆ ಗಾಳಿ ಸ್ವಲ್ಪ ಹೆಚ್ಚು ಹೊಡೆಸಿ, ಹ್ಯಾಂಡ್ ಬ್ರೇಕ್ ಬಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟು, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ. ಬಹುತೇಕ ಕಾರುಗಳಿಗೆ 10ನೇ ನಂಬರ್ ಸ್ಪ್ಯಾನರ್ ಸಾಕು, ಅಪ್ಪನೇ ಬಿಚ್ಚಬಹುದು. ಬಿಚ್ಚುವ ಮುಂಚೆ, ಮತ್ತೆ ಜೋಡಿಸಿದಾಗ ಬೇಕಾಗಬಹುದಾದ ಸ್ಟೀರಿಯೊದ ಕೋಡ್ ಎಲ್ಲಿ ಬರೆದಿಟ್ಟಿದ್ದಾರೆಂದು ಮಗನನ್ನು ಕೇಳಿಕೊಳ್ಳಲಿ.